ಮೀಟರಿನವನು ಕೂಗುವ ಎಸರು

ನಾನು ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಉರಿಗಾಂನಲ್ಲಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ರಾಬರ್ಟ್‌ಸನ್‌ಪೇಟೆಗೆ ತರಕಾರಿಗೆ ಹೋದರೆ ಅವೆರಡಕ್ಕೂ ತೆಲುಗು ಕಲೆಸಿದ ಇನ್ನೊಂದು ಮಾತು. ಹಾಗಾಗಿ ಕಾಮಸಮುದ್ರದ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ದಿನ ಹೊಸಿಲಲ್ಲೇ ಎಡವಿದೆ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, "ಎಸರು ಏಳಮ್ಮೀ, ಎಸರು ಏಳಿದ್ರೇನೇ ಒಳಕ್ಕೆ ಬಿಡೋದು" ಅಂದರು. ನನಗೆ ಗೊತ್ತಿದ್ದ ಎಸರು ಒಂದೇ, ಮುದ್ದೆಗೆಂದು ಒಲೆಯ ಮೇಲೆ ಕುದಿಯುವ ನೀರು. ಬಂದ ಗಳಿಗೆಯಲ್ಲೇ ಅಡುಗೆಯ ಲೆಕ್ಕ ಕೇಳುತ್ತಾರಲ್ಲ ಅಂತ ಹೆದರಿ, "ಇನ್ನೂ ಇಟ್ಟಿಲ್ಲ" ಅಂದೆ.

ಅಂದಿನ ನಗು ಆ ಮನೆಯಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಅವರು ಕೇಳಿದ್ದು ಹೆಸರು, ಗಂಡನ ಹೆಸರು. ಆ ಕಡೆಯ ಹಳಬರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಮಾರನೆಯ ದಿನ ಅತ್ತೆ ಮುದ್ದೆ ತಿರುವುತ್ತಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ಒಲೆ ಮೇಲಿರೋದೂ ಎಸರೇ, ಗಂಡಂದೂ ಎಸರೇ. ಎರಡೂ ಉಕ್ಕಿ ಆಚೆ ಬರಬಾರ್ದು ಕಣಮ್ಮಣ್ಣಿ."

ನಾನು ಈ ಪಾಠವನ್ನು ಅರ್ಧ ಪಾಲಿಸಿದೆ. ಅತ್ತೆ ಪೂರ್ತಿ ಪಾಲಿಸಿದವರು. ತಮ್ಮ ಮದುವೆಯ ದಿನ ಅದೇ ಹೊಸಿಲಲ್ಲಿ ನಿಂತು ಮಾವನ ಹೆಸರನ್ನು ಒಂದು ಸಲ ಹೇಳಿದ್ದೇ ಕೊನೆ. ಆಮೇಲೆ ಮಾವ ಅವರ ಬಾಯಲ್ಲಿ 'ಅವ್ರು' ಆದರು, ನನ್ನೆದುರು 'ನಿಮ್ಮಾವ' ಆದರು, ಸಿಟ್ಟು ಬಂದಾಗ 'ನಮ್ಮನೆ ದೊರೆ' ಆದರು. ಮಾವ ತೀರಿಕೊಂಡು ಆರು ವರ್ಷವಾಯಿತು. ಈಗಲೂ 'ಅವ್ರು' ಅಂದರೆ ನಮ್ಮ ಮನೆಯಲ್ಲಿ ಮಾವನೇ.

ನಮ್ಮದು ಎರಡು ಸೀಮೆಹಸುವಿನ ಮನೆ. ಬೆಳಗ್ಗೆ ಎದ್ದರೆ ಮೊದಲು ಬಿಸಿನೀರು ಬೇಕು. ಕೆಚ್ಚಲು ತೊಳೆಯಲು, ಹಾಲಿನ ಕ್ಯಾನು ತೊಳೆಯಲು, ಆಮೇಲೆ ಮನುಷ್ಯರಿಗೆ. ಬಚ್ಚಲ ನೀರೊಲೆಗೆ ಉರಿ ಹಾಕುವುದು ಅತ್ತೆಯ ಕೆಲಸ. ಉರಿಗೆ ನೀಲಗಿರಿ ಸೊಪ್ಪು, ರೇಷ್ಮೆಹುಳ ತಿಂದು ಬಿಟ್ಟ ಕಡ್ಡಿ. ನೀಲಗಿರಿ ಹೊಗೆಗೆ ನೆಗಡಿ ಓಡಿಹೋಗುತ್ತದೆ ಅನ್ನುತ್ತಾರೆ. ಓಡಿಹೋದದ್ದು ಅತ್ತೆಯ ಕಣ್ಣು. ಬಂಗಾರಪೇಟೆಯಲ್ಲಿ ತೋರಿಸಿ ಪೊರೆ ತೆಗೆಸಿದೆವು. ಡಾಕ್ಟರು, "ಇನ್ಮೇಲೆ ಹೊಗೆ ಹತ್ರ ಸುಳೀಬಾರದು" ಅಂದರು. ಅಂದಿನಿಂದ ಊದುಕೊಳವೆ ನನ್ನ ಕೈಗೆ ಬಂತು.

ಆ ಹೊತ್ತಿಗೆ ನಮ್ಮ ಯಜಮಾನರು ಹಾಲಿನ ಡೇರಿಯಿಂದ ಒಂದು ಸುದ್ದಿ ತಂದರು. ತಾರಸಿಯ ಮೇಲೆ, ಇಲ್ಲಿನವರ ಮಾತಿನಲ್ಲಿ ಮಿದ್ದೆಯ ಮೇಲೆ, ಸೋಲಾರ್ ಪ್ಯಾನೆಲ್ ಹಾಕಿಸಿದರೆ ಸರ್ಕಾರ ಸಬ್ಸಿಡಿ ಕೊಡುತ್ತದೆ, ಗೀಸರ್ರೂ ಹುಲ್ಲು ಕತ್ತರಿಸುವ ಮಿಷನ್ನೂ ಬಿಸಿಲಿನ ಕರೆಂಟಿನಲ್ಲೇ ನಡೆಯುತ್ತವೆ ಅಂತ. ಎದುರು ಮನೆಯವರು ಜಗುಲಿಯಿಂದಲೇ ಛೇಡಿಸಿದರು: "ಫ್ರೀ ಕರೆಂಟು ಇರೋವಾಗ ಗಾಜಿನ ಚಪ್ಪಡಿ ಯಾಕ್ಲಾ? ಮಿದ್ದೆ ಮೇಲೆ ಅಂಗಡಿ ಇಕ್ತೀಯಾ?" ಯಜಮಾನರು, "ಫ್ರೀ ಕೊಡೋದು ದೀಪ ಫ್ಯಾನಿಗೆ ಕಣಣ್ಣ, ಗೀಸರ್ ಹಾಕಿದ್ರೆ ಮಿತಿ ದಾಟ್ತದೆ. ನಿಮ್ಮ ಹಸು ತಣ್ಣೀರಲ್ಲಿ ತೊಳಸ್ಕಂತದೆ, ನಮ್ಮದು ಒದೀತದೆ" ಅಂತ ಬಾಯಿ ಮುಚ್ಚಿಸಿದರು.

ಆದರೆ ಒಂದು ತೊಡಕಿತ್ತು. ಕರೆಂಟ್ ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರೇ ಅರ್ಜಿ ಹಾಕಬೇಕು. ಆಧಾರ್ ಕಾರ್ಡಿನಲ್ಲೂ ಬ್ಯಾಂಕಿನ ಪುಸ್ತಕದಲ್ಲೂ ಅದೇ ಹೆಸರಿರಬೇಕು. ನಮ್ಮ ಬಿಲ್ಲು ಇನ್ನೂ ಮಾವನ ಹೆಸರಿನಲ್ಲಿ ಬರುತ್ತಿತ್ತು. ಮೊದಲು ಮೀಟರನ್ನು ಅತ್ತೆಯ ಹೆಸರಿಗೆ ಮಾಡಿಸಬೇಕು, ಆಮೇಲೆ ಸಬ್ಸಿಡಿ. ನಾವು ಇದನ್ನು ಒಂದು ರುಜುವಿನ ಕೆಲಸ ಅಂದುಕೊಂಡಿದ್ದೆವು.

ಅತ್ತೆ ಒಪ್ಪಲಿಲ್ಲ. ಮೊದಲ ದಿನ, "ಮಿದ್ದೆ ತುಂಬ ಗಾಜು ಆಸಿದ್ರೆ ಸಂಡಿಗೆ ಎಲ್ಲಿ ಒಣಗಾಕ್ಲಿ, ನಿನ್ ತಲೆ ಮೇಲಾ?" ಅಂದರು. ಅರ್ಧ ಜಾಗ ಬಿಡುತ್ತೇವೆ ಅಂದೆವು. ಎರಡನೆಯ ದಿನ, ನೀರೊಲೆ ಆರಿದರೆ ಪಾತ್ರೆ ತಿಕ್ಕಲು ಬೂದಿ ಎಲ್ಲಿಂದ ತರುತ್ತೀ ಅಂತ ಕೇಳಿದರು. ಮೂರನೆಯ ದಿನ, ಸೂರ್ಯನಿಗೆ ಸರ್ಕಾರ ಕಾಸು ಕೊಡುತ್ತದೆ ಅಂದರೆ ಅದರಲ್ಲೇನೋ ಮೋಸವಿದೆ ಅಂದರು. ಯಜಮಾನರು ರೇಗಿದರು. "ಲೇ, ನಾನು ಸತ್ತಮೇಲೆ ಏನಾನ ಮಾಡ್ಕೊ ಓಗ್ಲಾ" ಅಂತ ಅತ್ತೆ ಸೆರಗು ಕೊಡವಿ ಎದ್ದುಹೋದರು.

ನಿಜವಾದ ಕಾರಣ ನನಗೆ ತಿಳಿದದ್ದು ಮೀಟರ್ ನೋಡುವವನು ಬಂದ ದಿನ. ಅವನು ನಮ್ಮ ಉರಿಗಾಂ ಕಡೆಯವನು, ಮಾತಿನಲ್ಲಿ ತಮಿಳಿನ ಎಳೆತ. ಬೀದಿಯ ಯಾವ ಮನೆ ಯಾರದು ಅಂತ ಅವನಿಗೆ ಗೊತ್ತಿಲ್ಲ. ಕೈಯ ಮಿಷನ್ನಿನಲ್ಲಿ ಬಂದ ಹೆಸರನ್ನು ಬಾಗಿಲಲ್ಲಿ ನಿಂತು ಕೂಗುತ್ತಾನೆ, ಯಾರಾದರೂ ಬಂದು ಬಿಲ್ಲು ಇಸಿದುಕೊಳ್ಳಬೇಕು. ಅವತ್ತೂ ಮಾವನ ಹೆಸರನ್ನು, ಮುಂದಿನ ಇನಿಷಿಯಲ್ ಸಮೇತ, ಗಟ್ಟಿಯಾಗಿ ಕೂಗಿದ.

ನಾನು ಕೊಟ್ಟಿಗೆಯಲ್ಲಿದ್ದೆ. ಅತ್ತೆ ಹುಣಸೆಹಣ್ಣು ಬಿಡಿಸುತ್ತಿದ್ದವರು ಕೈ ಒರೆಸಿಕೊಂಡರು, ಸೆರಗು ಸರಿಮಾಡಿಕೊಂಡರು, ಬಾಗಿಲಿಗೆ ಹೋಗಿ, "ಅವ್ರೆ ಕಣಪ್ಪ, ಕೊಡು" ಅಂದರು.

ಅವ್ರೆ. ಅಂದರೆ, ಇದ್ದಾರೆ.

ಬಿಲ್ಲು ಹಿಡಿದು ತಿರುಗಿದವರು ನನ್ನನ್ನು ಕಂಡರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಬಿಲ್ಲನ್ನು ಸೆರಗಿನಡಿ ಸೇರಿಸಿ, ತಾವಾಗಿಯೇ ಹೇಳಿದರು. "ನಾನಂತೂ ಕರೆಯಂಗಿಲ್ಲ. ಊರೋರು ಯಾರೂ ಕರೆಯಲ್ಲ, ಸತ್ತೋರ ಎಸರು ಯಾಕಂತ. ನಿನ್ ಗಂಡ ಅಪ್ಪ ಅಂತಾನೆ. ತಿಂಗಳಿಗೊಂದು ಸಲ ಈ ಪುಣ್ಯಾತ್ಮ ಬಾಗಿಲಲ್ಲಿ ನಿಂತ್ಕಂಡು ಕರೀತಾನೆ. ಅದೂ ಬ್ಯಾಡಾಂತೀರಾ?"

ಸಂಜೆ ಇದನ್ನು ಯಜಮಾನರಿಗೆ ಹೇಳಿದೆ. ಅವರು ಅರ್ಜಿಯ ಕಾಗದವನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಗಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಎತ್ತಿದವರು ಅತ್ತೆಯೇ. ಮಳೆಗಾಲ ಶುರುವಾಗಿ ಸೌದೆ ಒದ್ದೆಯಾಗಿತ್ತು. ಒಂದು ಬೆಳಗ್ಗೆ ನಾನು ಒಲೆಯ ಮುಂದೆ ಕೂತು ಊದಿ ಊದಿ, ಸೆರಗಿನಲ್ಲಿ ಕಣ್ಣು ಉಜ್ಜಿಕೊಳ್ಳುತ್ತಿದ್ದೆ. ಅತ್ತೆ ಬಂದು ನನ್ನ ಗಲ್ಲ ಹಿಡಿದೆತ್ತಿ, ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿದರು. ಸಂತೆಯಲ್ಲಿ ಹಸುವಿನ ಹಲ್ಲು ನೋಡುವಂತೆ. "ಕೆಂಡ ಆಗವೆ. ನಂದು ಓಗಿದ್ದು ಸಾಕು, ನಿಂದೂ ಯಾಕೆ? ನಡಿ, ಅದೆಲ್ಲಿ ರುಜು ಆಕ್ಬೇಕೋ ತೋರ್ಸು" ಅಂದರು.

"ಅತ್ತೆ, ಮಾವನ..."

"ಗೊತ್ತದೆ ನಡಿಯಮ್ಮಿ."

ಮೀಟರಿನ ಹೆಸರು ಬದಲಾಯಿಸಲು ವಂಶವೃಕ್ಷ ಬೇಕಿತ್ತು. ಮನೆಯ ಹಿರಿಯರಿಂದ ಮಕ್ಕಳವರೆಗೆ ಯಾರು ಯಾರಿಗೆ ಏನು ಅಂತ ಸರ್ಕಾರ ಬರೆದುಕೊಡುವ ಕಾಗದ. ಒಂಬತ್ತರ ಬಸ್ಸು ಹತ್ತಿ ಕಾಮಸಮುದ್ರದ ನಾಡಕಚೇರಿಗೆ ಹೋದೆವು. ಮೇಜಿನ ಹಿಂದೆ ಚೂಟಿಯಾದ ಒಬ್ಬ ಹುಡುಗಿ ಕೂತಿದ್ದಳು. ಕಾಗದಗಳನ್ನೆಲ್ಲ ನೋಡಿ, "ಅಜ್ಜಿ, ವಿಚಾರಣೆ ಮಾಡ್ಬೇಕು, ನೀವೇ ಬಾಯಿಬಿಟ್ಟು ಹೇಳಿ. ಯಜಮಾನರ ಹೆಸರೇನು?" ಅಂದಳು.

ಅತ್ತೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತಡೆದಳು: "ನೀವು ಹೇಳ್ಬಾರ್ದು ಅಕ್ಕ, ಅವರೇ ಹೇಳ್ಬೇಕು."

"ದೇವ್ರ ಎಸರು ಕಣಮ್ಮ" ಅಂದರು ಅತ್ತೆ.

"ಯಾವ ದೇವರು?"

ಅತ್ತೆ ಆ ದೇವರ ವಾಹನ ಹೇಳಿದರು, ಹೆಂಡತಿಯ ಹೆಸರು ಹೇಳಿದರು, ಇರುವ ಬೆಟ್ಟ ಹೇಳಿದರು. (ಅದು ಯಾವ ಬೆಟ್ಟ ಅಂತ ಇಲ್ಲಿ ಬರೆದರೆ ಈ ವಯಸ್ಸಿನಲ್ಲಿ ನನಗೂ ಬೈಸಿಕೊಳ್ಳುವ ಯೋಗ.) ಸಾಲಿನಲ್ಲಿ ನಿಂತವರೆಲ್ಲ ಒಗಟು ಬಿಡಿಸಲು ಶುರುಮಾಡಿದರು. ಹಿಂದಿನಿಂದ ಒಬ್ಬ ಮುದುಕರು ತೆಲುಗಿನಲ್ಲಿ, "ಚೆಪ್ಪಮ್ಮಾ, ನಾಕು ಬಸ್ಸು ಪೋತಾ ಉಂದಿ" ಅಂತ ಅಂಗಲಾಚಿದರು, ಹೇಳಮ್ಮ, ನನ್ನ ಬಸ್ಸು ಹೋಗ್ತಿದೆ ಅಂತ. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು, ಆದರೆ ಕೈ ಕೀಲಿಮಣೆಯ ಮೇಲೆ ಹಾಗೇ ಇತ್ತು. ಹೆಸರು ಬರದೆ ಅದು ಮುಂದೆ ಹೋಗುವಂತಿರಲಿಲ್ಲ.

ಅತ್ತೆ ಮೇಜಿಗೆ ಬಾಗಿ, "ಬಾಯಲ್ಲಿ ಬರಬಾರ್ದು ಅಂದವ್ರೆ. ಕೈಯಲ್ಲಿ ಬರಬಾರ್ದು ಅಂತ ಯಾರೂ ಅಂದಿಲ್ಲ. ಪೆನ್ನು ಕೊಡಮ್ಮ" ಅಂದರು.

ಅತ್ತೆಯ ತವರು ಆಂಧ್ರದ ಗಡಿಯಾಚೆ. ನಾಲ್ಕನೇ ಕ್ಲಾಸಿನವರೆಗೆ ತೆಲುಗು ಸ್ಕೂಲು. ಹುಡುಗಿ ಕೊಟ್ಟ ಚೀಟಿಯ ಮೇಲೆ ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ತುಟಿ ಬಿಗಿಹಿಡಿದು, ಮಾವನ ಹೆಸರನ್ನು ತೆಲುಗಿನಲ್ಲಿ ಬರೆದರು. ರಂಗೋಲಿ ಎಳೆ ಸೇರಿಸುವಂತೆ ಕೊನೆಯ ಅಕ್ಷರದ ಬಾಲ ಸುತ್ತಿ ಬಿಟ್ಟರು. ನಲವತ್ತೈದು ವರ್ಷ ಸಂಸಾರ ಮಾಡಿದ ಮೇಲೆ, ಅವರು ಹೋಗಿ ಆರು ವರ್ಷವಾದ ಮೇಲೆ, ಆ ಹೆಸರು ಅತ್ತೆಯ ಕೈಯಿಂದ ಹೊರಗೆ ಬಂತು. ಹುಡುಗಿ ಚೀಟಿ ಓದಿ, "ತಲೆಕಟ್ಟು ಬೇರೆ, ಮೈಯೆಲ್ಲ ನಮ್ಮದೇ ಅಜ್ಜಿ" ಅಂತ ಕನ್ನಡದಲ್ಲಿ ಟೈಪ್ ಮಾಡಿಕೊಂಡಳು.

ವಾರ ಕಳೆದು ವಂಶವೃಕ್ಷ ಕೈಗೆ ಬಂತು. ಮೇಲೆ ಮಾವನ ಹೆಸರು, ಪಕ್ಕದಲ್ಲಿ ಗೆರೆ ಎಳೆದು ಅತ್ತೆಯ ಹೆಸರು, ಕೆಳಗೆ ಮಕ್ಕಳು. ಅತ್ತೆ ಅಕ್ಷರ ಕೂಡಿಸಿಕೊಂಡು ಬೆರಳಿಟ್ಟು, ತುಟಿ ಬಿಚ್ಚದೆ ಓದಿದರು. ಅವರ ಕಾಲದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸುವ ಮನೆತನಗಳಲ್ಲ ಅವು. ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಅವರು ನೋಡಿದ್ದು ಅದೇ ಮೊದಲು. "ಇದನ್ನ ಕರೆಂಟಿನೋರು ಕಿತ್ಕಂತಾರಾ?" ಅಂತ ಕೇಳಿದರು. ಇಲ್ಲ, ಅವರಿಗೆ ಕೊಡುವುದು ನಕಲು, ಇದು ನಮ್ಮಲ್ಲೇ ಇರುತ್ತದೆ ಅಂದೆ. ಲ್ಯಾಮಿನೇಷನ್ ಮಾಡಿಸಿಕೊಟ್ಟೆವು. ಅದು ಈಗ ದೇವರ ಗೂಡಿನ ಪಕ್ಕದಲ್ಲಿದೆ.

ಮೀಟರ್ ಅತ್ತೆಯ ಹೆಸರಿಗೆ ಆಯಿತು, ತಾರಸಿಯ ಮೇಲೆ ಪ್ಯಾನೆಲ್ಲೂ ಬಂತು. ಸಬ್ಸಿಡಿಗೆ ಕೊನೆಯದಾಗಿ ಒಂದು ಫೋಟೋ ಕಳಿಸಬೇಕು. ಪ್ಯಾನೆಲ್ಲಿನ ಪಕ್ಕ ಅರ್ಜಿದಾರರು ನಿಂತಿರಬೇಕು, ಅದರ ಮೇಲಿನ ನಂಬರಿನ ಚೀಟಿ ಕಾಣಬೇಕು. ಅತ್ತೆ ರೇಷ್ಮೆ ಸೀರೆ ಉಟ್ಟು ನಿಂತರು, ಫೋಟೋ ಹೋಯಿತು. ಮೂರು ದಿನಕ್ಕೆ ವಾಪಸ್ಸೂ ಬಂತು, ನಂಬರು ಕಾಣುತ್ತಿಲ್ಲ ಅಂತ. ಫಿಟ್ಟಿಂಗ್ ಮೇಸ್ತ್ರಿ ತಾರಸಿ ಹತ್ತಿ ನೋಡಿ ತಲೆ ಚಚ್ಚಿಕೊಂಡರು. ಪೂಜೆ ಮಾಡದೆ ಹೊಸ ವಸ್ತುವಿನ ಪಕ್ಕ ನಿಲ್ಲುವುದು ಹೇಗೆ ಅಂತ ಅತ್ತೆ ಫೋಟೋ ತೆಗೆದ ದಿನ ಬೆಳಗ್ಗೆಯೇ ಒಂದೊಂದು ಚೀಟಿಗೂ ಮೂರು ಬೆರಳಿನಷ್ಟಗಲ ತಿರುನಾಮ ಬಳಿದಿದ್ದರು. ಕಪ್ಪು ಗಾಜಿನಲ್ಲಿ ಬೆಳ್ಳಗಿದ್ದ ಚೀಟಿಯೊಂದೇ ಅವರಿಗೆ ಹಣೆಯಂತೆ ಕಂಡಿತಂತೆ.

"ಏನಜ್ಜೀ, ಸರ್ಕಾರಕ್ಕೇ ನಾಮ ಹಾಕಿದ್ರಲ್ಲ!" ಅಂದರು ಮೇಸ್ತ್ರಿ.

"ಅವ್ರು ನಮಗೆ ಆಕದಿದ್ರೆ ಸಾಕು" ಅಂದರು ಅತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ.

ಹಾಕಲಿಲ್ಲ. ಎರಡನೆಯ ಫೋಟೋ ಹೋಗಿ ತಿಂಗಳು ಕಳೆಯುವುದರೊಳಗೆ ಅತ್ತೆಯ ಖಾತೆಗೆ ಸಬ್ಸಿಡಿ ಬಿತ್ತು. ನೀರೊಲೆಯ ಬಾಯಲ್ಲಿ ನಾನೊಂದು ಬುಟ್ಟಿ ಇಟ್ಟೆ. ಈಗ ಅದರೊಳಗೆ ಕೋಳಿ ಕಾವು ಕೂರುತ್ತದೆ.

ಆದರೂ ಮೊದಲ ಹೊಸ ಬಿಲ್ಲಿನ ದಿನವನ್ನು ನಾನು ಹೆದರಿಕೊಂಡೇ ಕಾಯುತ್ತಿದ್ದೆ. ಅತ್ತೆ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೀಟರಿನವನು ಬಂದ, ಮಿಷನ್ ಒತ್ತಿದ, ಒಂದು ಹೆಸರು ಕೂಗಿದ. ಹೆಂಗಸಿನ ಹೆಸರು.

ಅತ್ತೆ ಕಾಯಿಯಿಂದ ಕಣ್ಣೆತ್ತದೆ, "ಆ ಎಸರಿನೋರು ಇಲ್ಲಿ ಯಾರೂ ಇಲ್ಲ ಕಣಪ್ಪ, ಮುಂದಿನ ಮನೆ ನೋಡು" ಅಂದರು.

"ಇಲ್ಲ ಪಾಟಿಮ್ಮ, ಮಿಷನ್ ಇದೇ ಮನೆ ಅಂತದೆ" ಅಂತ ಅವನು ಮತ್ತೆ ಕೂಗಿದ, ಇನ್ನೂ ಗಟ್ಟಿಯಾಗಿ.

ಅತ್ತೆಯ ಬೆರಳು ನಿಂತಿತು. ಮದುವೆಯಾದ ಮೇಲೆ ಅವರು ಸೊಸೆಯಾದರು, ಅತ್ತಿಗೆಯಾದರು, ಅವ್ವನಾದರು, ಅತ್ತೆಯಾದರು, ಅಜ್ಜಿಯಾದರು. ತವರಿನಲ್ಲಿ ಹೆಸರು ಹಿಡಿದು ಕರೆಯುತ್ತಿದ್ದ ಹಿರಿಯರೆಲ್ಲ ಯಾವತ್ತೋ ಹೋಗಿದ್ದರು. ಈ ಬೀದಿಯಲ್ಲಿ ಆ ಹೆಸರನ್ನು ಯಾರೂ ಕೂಗಿರಲಿಲ್ಲ, ಒಂದು ದಿನವೂ.

ಮಡಿಲಿನ ಅವರೆಕಾಯಿ ನೆಲಕ್ಕೆ ಚೆಲ್ಲಿಕೊಂಡು ಎದ್ದರು. ನಗು ತಡೆಯಲಾಗದೆ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು, ಪೊರೆ ತೆಗೆಸಿದ ಕಣ್ಣು ಒದ್ದೆಯಾಗಿತ್ತು, ಅವತ್ತು ಹೊಗೆ ಎಲ್ಲೂ ಇರಲಿಲ್ಲ. ಸೀರೆ ಸರಿಮಾಡಿಕೊಂಡು, ಕೈ ಒರೆಸಿಕೊಂಡು ಮುಂದೆ ಚಾಚಿದರು.

"ಅವ್ಳೆ ಕಣಪ್ಪ, ಕೊಡು."