ಗಡಿ ಬಂದ್ ಎಂದು ಹೇಳಿದ ದಾರಿಯಲ್ಲಿ

ಅಕ್ಕನ ಗಂಡ ತೀರಿಕೊಂಡಾಗ ನಾನು ಹೋಗಲಿಲ್ಲ. ತವರಿನವರು ಸೀರೆ ಒಯ್ದು ಉಡಿಸಿ, ನಾಲ್ಕು ದಿನ ಮನೆಗೆ ಕರೆತರುವುದು ನಮ್ಮಲ್ಲಿ ರೂಢಿ. ತಂದೆ ತಾಯಿ ಇಲ್ಲದ್ದರಿಂದ ಹೋಗಬೇಕಾದವನು ನಾನೊಬ್ಬನೇ. ಅಕ್ಕ ಕಸ್ತೂರಿಯನ್ನು ಕೊಟ್ಟಿದ್ದು ಗಡಿಯ ಊರು ಕನಮಡಿಯ ಆಚೆ, ಮಹಾರಾಷ್ಟ್ರದ ಹಳ್ಳಿಗೆ. ಆಗ ಎರಡು ರಾಜ್ಯಗಳ ಗಡಿ ಜಗಳ ಮತ್ತೆ ಎದ್ದು ಬಸ್ಸುಗಳು ಒಂದೆರಡು ದಿನ ನಿಂತಿದ್ದವು. "ಗಡಿ ಬಂದ್ ಐತಿ" ಎಂದು ಫೋನಿನಲ್ಲಿ ಹೇಳಿದೆ. ಬಸ್ಸು ಓಡತೊಡಗಿದ ಮೇಲೂ ಅದನ್ನೇ ಹೇಳಿದೆ. ಹೀಗೆ ಎರಡು ವರ್ಷ ಕಳೆದವು.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಮನೆ ಬಬಲೇಶ್ವರದಲ್ಲಿ, ವಿಜಯಪುರದ ಗೋಳಗುಮ್ಮಟದ ಹತ್ತಿರ ಚಹಾದ ಗಾಡಿ ಇದೆ. ಹೋದ ವಾರ ಚಹಾಕ್ಕೆ ಬಂದ, ಅಕ್ಕನ ಊರ ಕಡೆಯ ಟಮಟಮ್ ಚಾಲಕನೊಬ್ಬ, "ನಿಮ್ಮ ಅಕ್ಕಾರು ದಿನಾ ನನ್ನ ಗಾಡ್ಯಾಗ ತಿಕೋಟಾಕ್ಕ ಒಣದ್ರಾಕ್ಷಿ ಆರಸಾಕ ಬರ್ತಾರಲ್ರಿ" ಎಂದ. ನಾನು ಬಂದ್ ಎಂದಿದ್ದ ಗಡಿಯನ್ನು ಅವಳು ದಿನಕ್ಕೆರಡು ಸಲ ದಾಟುತ್ತಿದ್ದಳು.

ಮಂಗಳವಾರ ಗಾಡಿ ಮುಚ್ಚಿ, ಒಂದು ಇಳಕಲ್ ಸೀರೆ ಕೊಂಡು, ಹತ್ತು ಗಂಟೆಯ ಬಸ್ಸು ಹತ್ತಿದೆ. ತಿಕೋಟಾಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ಏಪ್ರಿಲ್ ಬಿಸಿಲಿಗೆ ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ. ಎರಡೂ ಸರ್ಕಾರದವರು ಮತ್ತೆ ಮಾತುಕತೆಗೆ ಕೂಡುತ್ತಾರೆಂದು ಪಕ್ಕದವನ ಮೊಬೈಲು ಒದರುತ್ತಿತ್ತು.

"ಈ ಸಲರೆ ಬಗಿಹರೀತೈತೇನ್ರಿ?" ಎಂದೆ.

ಅವನು ಗಡಿಯಾಚೆ ಜತ್ತ ಕಡೆಯ ರೈತ. "ನಮ್ಮಪ್ಪ ಸಣ್ಣಾಂವ ಇದ್ದಾಗಿಂದ ಕುಂದರಾಕತ್ತಾರ್ರಿ. ಚಾ ಕುಡೀತಾರ, ಫೋಟೋ ತಗಸ್ತಾರ, ಏಳ್ತಾರ. ನಮ್ಮ ಹೊಲಕ್ಕ ನೀರು ಯಾರು ಕೊಡ್ತಾರ, ಅದನ್ನ ಮದಲ ಮಾತಾಡ್ಲಿ."

"ಮಾತಾಡ್ಲಿ ಬಿಡೋ ಯಪ್ಪಾ," ಎಂದಳು ಹಿಂದಿನ ಸೀಟಿನ ಮುದುಕಿ. "ಮಾತಾಡೂತನಕರೆ ಬಸ್ಸಿಗೆ ಕಲ್ಲ ಒಗಿಯೂದಿಲ್ಲ."

ತಿಕೋಟಾದಲ್ಲಿ ಇಳಿದು ಕೇಳುತ್ತ ಹೋದೆ. ತಗಡಿನ ಶೆಡ್ಡಿನೊಳಗೆ ಇಪ್ಪತ್ತು ಹೆಂಗಸರು ಒಣದ್ರಾಕ್ಷಿಯ ರಾಶಿಗಳ ಮುಂದೆ ಕುಳಿತು ಕಡ್ಡಿ ತೆಗೆಯುತ್ತಿದ್ದರು. ಅಕ್ಕ ಸೊರಗಿದ್ದಳು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಏನೋ, ಬಸ್ಸ ಚಾಲೂ ಆದವೇನು?"

"ಕಸ್ತೂರಕ್ಕಾ, ನಿನ್ನ ತಮ್ಮ ವಿಮಾನದಾಗ ಬಂದಾನ ಕಾಣಸ್ತೈತಿ!" ಎಂದು ಒಬ್ಬಾಕೆ ಅಂದಳು. ಎಲ್ಲರೂ ನಕ್ಕರು. ನನ್ನ ಸುಳ್ಳು ಅವರಿಗೆಲ್ಲ ಗೊತ್ತಿತ್ತು.

"ನಡಿಬೇ, ಮನಿಗೆ ಹೋಗೂಣು" ಎಂದಷ್ಟೇ ಅಂದೆ. ಸೀರೆಯ ಚೀಲ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ. ಮೂರು ಗಂಟೆಯ ಹೊತ್ತಿಗೆ ತನ್ನ ಪಾಲಿನ ರಾಶಿ ಮುಗಿಸಿದಳು, ಮಕ್ಕಳನ್ನು ನೋಡಿಕೊಳ್ಳಲು ಅತ್ತೆಗೆ ಫೋನಿನಲ್ಲಿ ಹೇಳಿದಳು.

"ಒಂದ ದಿನ ಬರ್ತೇನಿ. ಅವ್ವ ಇದ್ದ ಮನಿ ನೋಡಬೇಕಾಗೈತಿ. ಸೀರಿ ನಿನ್ನ ಕಡೇನ ಇರ್ಲಿ."

ಬಬಲೇಶ್ವರದ ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿ ಮರಳಿ ಕೊಟ್ಟ. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗಷ್ಟೇ ಬಸ್ಸು ಪುಕ್ಕಟೆ.

"ಅಕ್ಕಾರ, ಇದು ಆ ಕಡೀ ಕಾರ್ಡ್ ಐತ್ರಿ. ತಿಕೀಟ ತಗೋಬೇಕ್ರಿ."

"ನಾ ಬಬಲೇಶ್ವರದಾಗ ಹುಟ್ಟೇನೋ ತಮ್ಮಾ."

"ಖರೆ ಇರಬೌದ್ರಿ. ವಿಳಾಸ ಆ ಕಡೀದೈತಲ್ರಿ."

ನಾನು ಕಿಸೆಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಸರಿಸಿ ತಾನೇ ತಿಕೀಟ ತೆಗೆಸಿದಳು. ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು.

"ಕಾರ್ಡ್ ಸರಕಾರ ಮಾಡೇತಿ," ಎಂದಳು ಕೊನೆಗೆ. ಸಿಟ್ಟಿರಲಿಲ್ಲ, ದಣಿದಿದ್ದಳು. "ನೀ ಯಾಕ ಬರಲಿಲ್ಲ, ಅದನ್ನ ಹೇಳು."

ಬಾಯಲ್ಲೇ ಏನೋ ಗೊಣಗಿದೆ. ಬಸ್ಸಿನ ಸಪ್ಪಳಕ್ಕೆ ಅವಳಿಗೆ ಕೇಳಲಿಲ್ಲ.

"ಗಟ್ಟಿ ಹೇಳೋ."

ಮುಂದಿನ ಸೀಟಿನವರು ಹೊರಳಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ: "ಗಡಿ ಬಂದ್ ಇರಲಿಲ್ಲಬೇ ಅಕ್ಕಾ. ಕರಕೊಂಡ ಬಂದ್ರ ನೀ ಮಕ್ಕಳ ಕಟಗೊಂಡು ನಮ್ಮ ಮನ್ಯಾಗ ಉಳದಬಿಡ್ತಿ ಅಂತ ಅಂಜಿದೆ. ಸುಳ್ಳ ಹೇಳಿದೆ. ತಪ್ಪಾತಬೇ."