ತೇರ್ಸ ಮುಗಿದ ಮೇಲಿನ ಬೆಸಾಂವ್

ಉಪ್ಪಳದ ನಮ್ಮ ಪಕ್ಕದ ಮನೆಯ ಹುಡುಗಿ ಈಗ ದೊಡ್ಡ ಹಾಡುಗಾರ್ತಿ. ಚಿಕ್ಕಂದಿನಲ್ಲಿ ಇಗರ್ಜಿಯ ಗಾಯನ ಮಂಡಳಿಯಲ್ಲಿ ನಾವಿಬ್ಬರೂ ಒಟ್ಟಿಗೆ ಇದ್ದವರು. ಅವಳ ಸ್ವರ ಎಲ್ಲರ ಸ್ವರವನ್ನು ನುಂಗುತ್ತದೆ ಎಂದು ಅವಳನ್ನು ಹಿಂದಿನ ಸಾಲಿಗೆ ಹಾಕಿದ್ದರು. ಮುಂದೆ ಮಂಗಳೂರಿನ ಹೋಟೆಲೊಂದರಲ್ಲಿ ಬ್ಯಾಂಡಿನವರ ಜೊತೆ ಹಾಡಿದಳು, ಆಮೇಲೆ ದುಬೈ, ಅಲ್ಲಿಂದ ಎಲ್ಲೆಲ್ಲಿಗೋ. ಪೇಪರಿನಲ್ಲಿ ಫೋಟೋ ಬಂತು. ಅವಳು ಹಾಡುವುದು ಸೋಲ್ ಎಂಬ ಸಂಗೀತ. ಅಮೆರಿಕದ ಕಪ್ಪು ಜನರು ಇಗರ್ಜಿಗಳಲ್ಲಿ ಹಾಡುತ್ತಿದ್ದ ರೀತಿಯಿಂದಲೇ ಅದು ಬಂದದ್ದಂತೆ. ಅವಳ ತಾಯಿಗೆ ಅದೆಲ್ಲ ಬೇಡ. "ದೇವರು ಕೊಟ್ಟ ಸ್ವರವನ್ನು ಊಟ ಮಾಡುವವರ ಎದುರು ಹಾಡ್ತಾಳೆ" ಎಂದು ಅವರ ಬೇಸರ.

ನಮ್ಮಲ್ಲಿ ಸಂಜೆ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಕಿರಿಯರು ಕೈಮುಗಿದು ಹಿರಿಯರ ಆಶೀರ್ವಾದ, ನಮ್ಮ ಮಾತಿನಲ್ಲಿ ಬೆಸಾಂವ್, ಕೇಳುವುದುಂಟು. ಆ ತಾಯಿ ನನಗೂ ಆಶೀರ್ವಾದ ಮಾಡುತ್ತಿದ್ದರು. ಮಗಳು ರಜೆಯಲ್ಲಿ ಬಂದು ಕೈಮುಗಿದರೆ ಮಾತ್ರ ಮುಖ ಗೋಡೆಗೆ.

ಕಳೆದ ವರ್ಷ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಕಾಸರಗೋಡಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಸಕ್ಕರೆ ಕಾಯಿಲೆ ಇದ್ದರೂ ಗಾಯ ಬೇಗ ಒಣಗಿತು, ದೇವರ ದಯೆ. ಮಗಳು ಬಂದು ಮೀಯಿಸಿದಳು, ಉಣಿಸಿದಳು. ತಾಯಿ ಎಲ್ಲ ಮಾಡಿಸಿಕೊಂಡರು, ಬೆಸಾಂವ್ ಮಾತ್ರ ಇಲ್ಲ. ಹೊರಡುವ ಹಿಂದಿನ ದಿನ ಅವರ ಅಡುಗೆಕೋಣೆಯಲ್ಲಿ ಅವಳು ನನಗೆ ಹೇಳಿದಳು, "ಇವತ್ತೂ ಕೊಡದಿದ್ದರೆ ಇನ್ನು ಕೇಳುವುದಿಲ್ಲ ಮಾರಾಯ್ತಿ."

ಆ ಸಂಜೆ ತಾಯಿಯ ಮಂಚದ ಪಕ್ಕ ತೇರ್ಸದ ಕೊನೆಗೆ ಮರಿಯಾ ಮಾತೆಯ ಗೀತೆ ಎತ್ತಿದ್ದು ನಾನು. ಯಾವಾಗಿನ ಹಾಗೆ ಬಹಳ ಮೇಲೆ ಹಿಡಿದೆ, ಎರಡನೇ ಸಾಲಿಗೆ ಗಂಟಲು ಕಟ್ಟಿತು. ಅವಳು ಕೆಳಗಿನ ಸ್ವರದಿಂದ ಎತ್ತಿಕೊಂಡಳು. ಒಂದೇ ಶಬ್ದವನ್ನು ಹಿಡಿದು, ಬಿಟ್ಟು, ಮತ್ತೆ ಅದಕ್ಕೇ ಮರಳಿ, ಬಾಗಿಲು ತೆರೆಯುವವರೆಗೆ ಕರೆಯುವವರ ಹಾಗೆ ಹಾಡಿದಳು.

ಗೋಡೆಯ ಕಡೆಗಿದ್ದ ಮುಖ ತಿರುಗಿತು. "ಇಷ್ಟು ಎಳೆಯುವುದು ಎಂತಕ್ಕೆ? ಮಾತೆಗೆ ಕಿವಿ ಕೇಳುವುದಿಲ್ಲವಾ?"

"ನನಗೆ ಹೀಗೆಯೇ ಬರುವುದು, ಮಾಂಯ್."

"ಹೋಟೆಲಿನಲ್ಲಿಯೂ ಹೀಗೆಯೇ ಹಾಡ್ತೀಯಾ?"

"ಹೌದು, ಹೀಗೆಯೇ."

ತಾಯಿ ಕೈಯ ಜಪಮಾಲೆಯನ್ನು ದಿಂಬಿನ ಕೆಳಗೆ ಇಟ್ಟರು. "ಹಾಗಾದರೆ ಅಲ್ಲಿಯವರ ಗಂಟಲಲ್ಲಿ ಅನ್ನ ಇಳಿಯುವುದಾದರೂ ಹೇಗೆ?"

ನನಗೆ ನಗು ಬಂತು. ಅವಳು ಬೆಸಾಂವ್ ಕೇಳುವುದನ್ನೇ ಮರೆತು ನಿಂತಿದ್ದಳು.

"ಎಂತ ನೋಡ್ತಿ ಬಾಯೆ? ಬಗ್ಗು. ನನಗೆ ಏಳಲಿಕ್ಕೆ ಆಗ್ತದಾ?"

ನಾನು ಗಂಜಿ ಬಿಸಿ ಮಾಡಲು ಒಳಗೆ ಹೋದೆ. ಈ ಕೆಟ್ಟ ಗಂಟಲೂ ಒಂದು ಕೆಲಸಕ್ಕೆ ಬಂತಲ್ಲ ಸ್ವಾಮಿ, ಎಂದು ಒಲೆಯ ಎದುರೇ ಶಿಲುಬೆಯ ಗುರುತು ಹಾಕಿಕೊಂಡೆ. ಬಟ್ಟಲು ಹಿಡಿದು ಬಂದಾಗಲೂ ತಾಯಿಯ ಕೈ ಅವಳ ತಲೆಯ ಮೇಲೆಯೇ ಇತ್ತು.