ಕರಡಿಗೆಯ ಚೀಲ

ಮುರುಗೆಪ್ಪ ಏನು ಕೆಲಸ ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅವನ ಹೆಂಡತಿ ರುದ್ರವ್ವ ಇವತ್ತಿಗೂ “ಗಾಡಿ ಒರಸ್ತಾರ್ರಿ” ಎಂದೇ ಹೇಳುತ್ತಾಳೆ. ಮಾತು ಸುಳ್ಳಲ್ಲ. ಅಕ್ಕಸಾಲಿಗನನ್ನು ಬೆಂಕಿ ಊದುವವನೆಂದು ಕರೆದರೆ ಅದೂ ಸುಳ್ಳಲ್ಲ. ಆದರೆ ಅವನಿಗೆ ಹೇಗೆ ಅನ್ನಿಸಬೇಡ?

ಪುಣೆಯಲ್ಲಿ ಹಿಂಜವಾಡಿಗೆ ಹೋಗುವ ದಾರಿಯಲ್ಲಿ ಮಂದಾರನ ಅಂಗಡಿಯಿದೆ. ಅಂಗಡಿ ಎಂದರೆ ಮಂದಾರನಿಗೆ ಸಿಟ್ಟು, ಸ್ಟುಡಿಯೊ ಎನ್ನಬೇಕು. ಷೋರೂಮಿನಿಂದ ಇಳಿದ ಹೊಸ ಕಾರು ಮನೆಗೂ ಹೋಗದೆ, ದೇವಸ್ಥಾನಕ್ಕೂ ಹೋಗದೆ ನೇರ ಇಲ್ಲಿಗೆ ಬರುತ್ತದೆ. ಹೊಸ ಕಾರಿಗೇನು ಧಾಡಿ ಎಂದು ಕೇಳಬಹುದು. ಜೋರು ದೀಪ ಹಿಡಿದು ನೋಡಿದರೆ ಹೊಸ ಬಣ್ಣದ ಮೇಲೂ ಜೇಡರ ಬಲೆಯಂಥ ಸಣ್ಣ ಗೀರುಗಳಿರುತ್ತವೆ. ಅವನ್ನೆಲ್ಲ ಯಂತ್ರದಿಂದ ತಿಕ್ಕಿ ತೆಗೆಯಬೇಕು. ಆಮೇಲೆ ಸೆರಾಮಿಕ್ ಕೋಟಿಂಗ್. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಶೀಸೆಯಲ್ಲಿರುವ ದ್ರವವನ್ನು ಗೇಣು ಗೇಣು ಜಾಗಕ್ಕೆ ಸವರಬೇಕು. ಅದರ ಮೇಲೆ ಕಾಮನಬಿಲ್ಲಿನ ಬಣ್ಣ ಏಳುತ್ತದೆ. ಆ ಬಣ್ಣ ಇನ್ನೇನು ಇಂಗಿತು ಎನ್ನುವ ಗಳಿಗೆಯಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಬೇಗ ಒರೆಸಿದರೆ ಪದರ ಕೂರುವುದಿಲ್ಲ. ತಡವಾದರೆ ಗಾಜಿನಂತೆ ಗಟ್ಟಿಯಾಗಿ, ಎಣ್ಣೆ ಕಲೆಯ ಹಾಗೆ ನಿಂತುಬಿಡುತ್ತದೆ. ಹೀಗೆ ಹೊಳೆಯಿಸಿಕೊಂಡ ಕಾರನ್ನು ಪುಣೆಯ ಶ್ರೀಮಂತರು ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಚಕ್ಕಡಿಯ ವೇಗದಲ್ಲಿ ಓಡಿಸುತ್ತಾರೆ. ಅದು ಅವರ ಹಣೆಬರಹ.

ಬೈಲಹೊಂಗಲದ ಕಡೆಯ ಮುರುಗೆಪ್ಪ ಇಪ್ಪತ್ತೆರಡರ ವಯಸ್ಸಿಗೆ ಭೋಸರಿಗೆ ಬಂದು ಕಾರ್ಖಾನೆಯೊಂದರ ಪೇಂಟಿಂಗ್ ಶೆಡ್ಡು ಸೇರಿದವನು. ಬಣ್ಣ ಎಲ್ಲಿ ತೆಳುವಾಗಿದೆ, ಎಲ್ಲಿ ಧೂಳು ಕೂತಿದೆ ಎಂದು ಹತ್ತು ಹೆಜ್ಜೆ ದೂರದಿಂದ ಹೇಳುತ್ತಿದ್ದ. ಅಲ್ಲಿಗೆ ಕೆಲಸ ಕಲಿಯಲು ಬಂದ ಬೆಳಗಾವಿಯ ಹುಡುಗ ಮಂದಾರ ಬಣ್ಣ ನೋಡುವುದನ್ನು ಕಲಿತದ್ದು ಇವನಿಂದಲೇ. ಹನ್ನೆರಡು ವರ್ಷದ ಹಿಂದೆ ಮಂದಾರ ಸ್ವಂತ ಸ್ಟುಡಿಯೊ ತೆಗೆದಾಗ ಮೊದಲು ಕರೆದದ್ದೂ ಇವನನ್ನೇ. ಗಿರಾಕಿಗಳ ಎದುರು ಮರಾಠಿ, ಇಬ್ಬರೇ ಇದ್ದಾಗ ಕನ್ನಡ, ಎರಡರಲ್ಲೂ ಅವನು ಇವನನ್ನು ಕರೆಯುವುದು ‘ಕಾಕಾ’ ಎಂದೇ. ಮುರುಗೆಪ್ಪ ಕಾಕಾ ನೋಡಿ ಸರಿ ಎಂದ ಕಾರನ್ನು ಮಂದಾರ ಮತ್ತೊಮ್ಮೆ ನೋಡುತ್ತಿರಲಿಲ್ಲ.

ಈ ಕೆಲಸಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಮೈಮೇಲೆ ಲೋಹ ಇರಕೂಡದು. ಉಂಗುರ, ಕೈಗಡಿಯಾರ, ಬೆಲ್ಟಿನ ಬಕಲು, ಯಾವುದೂ. ಬಾಗಿದಾಗ ತಾಗಿದರೆ ಗೀರು ಬಿತ್ತೆಂದೇ ಲೆಕ್ಕ. ಮುರುಗೆಪ್ಪನ ಎದೆಯ ಮೇಲೆ ಮಾತ್ರ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಅವನ ಇಷ್ಟಲಿಂಗ. ಅವನ ತೀರಿಕೊಂಡ ಅವ್ವ ಹೇಳಿಕೊಟ್ಟದ್ದು ಒಂದೇ ಮಾತು: ಕಟ್ಟಿಕೊಂಡ ಲಿಂಗ ಉಸಿರಿರುವ ತನಕ ಮೈಯಿಂದ ಅಗಲಬಾರದು. ರುದ್ರವ್ವ ಅದಕ್ಕೊಂದು ಉಪಾಯ ಮಾಡಿದ್ದಳು. ಕಾರು ಒರೆಸುವ ಮೆತ್ತನೆ ಬಟ್ಟೆಯಲ್ಲೇ ಕರಡಿಗೆಗೊಂದು ಚೀಲ ಹೊಲಿದು, ಎದೆಗೆ ಬಿಗಿಯಾಗಿ ಅಂಟಿಕೊಳ್ಳುವಂತೆ ಪಟ್ಟಿ ಹಚ್ಚಿಕೊಟ್ಟಿದ್ದಳು. ಪ್ರತಿ ಸಂಕ್ರಾಂತಿಗೆ ಒಂದು ಹೊಸ ಚೀಲ. ಹನ್ನೆರಡು ವರ್ಷದಲ್ಲಿ ಒಂದು ಕಾರಿಗೂ ತಾಗಿರಲಿಲ್ಲ.

ಹೋದ ದೀಪಾವಳಿಯಲ್ಲಿ ಮನೆಯ ಮುಂದೆ ತೂಗುಹಾಕಿದ್ದ ಆಕಾಶಬುಟ್ಟಿಯ ಸುತ್ತ ಅವನಿಗೆ ಬಣ್ಣದ ಬಳೆಯೊಂದು ಕಾಣಿಸಿತು. ಚೆಂದವೇ ಇತ್ತು. ಹಬ್ಬ ಮುಗಿದು ಬುಟ್ಟಿ ಇಳಿಸಿದರೂ ಬಳೆ ಹೋಗಲಿಲ್ಲ. ರಸ್ತೆಯ ದೀಪಕ್ಕೂ ಬಳೆ, ಸ್ಟುಡಿಯೊದ ದೀಪಕ್ಕೂ ಬಳೆ. ಚಿಂಚವಾಡದ ಡಾಕ್ಟರು ನೋಡಿ, ಕಾಚಬಿಂದು, ಗ್ಲಾಕೋಮಾ ಅಂದರು. ಮೋತಿಬಿಂದು ಅಂದರೆ ಕಣ್ಣಿನ ಪೊರೆ, ಕೊಯ್ದು ತೆಗೆದರೆ ದೃಷ್ಟಿ ಬರುತ್ತದೆ ಎಂದು ಪುಣೆಯಲ್ಲಿ ಎಲ್ಲರಿಗೂ ಗೊತ್ತು. ಅದೇ ಇರಬಹುದೆಂದು ಇವನು ಧೈರ್ಯ ಮಾಡಿ ಹೋಗಿದ್ದ. ಕಾಚಬಿಂದು ಹಾಗಲ್ಲವಂತೆ. ಹೋದದ್ದು ಹೋಯಿತು, ಉಳಿದದ್ದನ್ನು ಔಷಧಿಯ ಹನಿ ಹಾಕಿ ಕಾಯ್ದುಕೊಳ್ಳಬೇಕು.

ಅವನು ಯಾರಿಗೂ ಹೇಳಲಿಲ್ಲ. ಹನಿಯ ಶೀಸೆಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟ. ರುದ್ರವ್ವ ಕೇಳಿದ್ದಕ್ಕೆ “ಚಾಳೀಸು ಬದಲ ಮಾಡ್ಯಾರ” ಎಂದು ಬಾಯಿ ಮುಚ್ಚಿಸಿದ. ಹೇಳಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಗೊತ್ತಿತ್ತು. ಕಣ್ಣೇ ಬಂಡವಾಳವಾದವನು ಕಣ್ಣಿಲ್ಲ ಎಂದ ಮೇಲೆ ಐವತ್ತನಾಲ್ಕರಲ್ಲಿ ಯಾವ ಬಾಗಿಲಿಗೆ ಹೋಗಬೇಕು? ಭೋಸರಿಯಲ್ಲಿ ಮಷಿನ್ನು ಒರೆಸಲೇ? ಹೆದರಿದ್ದ, ಅಷ್ಟೇ. ಮನುಷ್ಯ ಹೆದರಿದಾಗ ಮಾಡುವ ಕೆಲಸಗಳಿಗೆ ಅರ್ಥ ಹುಡುಕಬಾರದು.

ಗೀರು ಹುಡುಕುವಾಗ ಮುಖವನ್ನು ಬಣ್ಣಕ್ಕೆ ಹತ್ತಿರ ಒಯ್ಯುವುದು ರೂಢಿಯಾಯಿತು. ಕೋಟಿಂಗಿನ ಕಾಮನಬಿಲ್ಲು ಯಾವುದು, ತನ್ನ ಕಣ್ಣಿನದು ಯಾವುದು ಎಂದು ತಿಳಿಯದಾದಾಗ ಎಣಿಸತೊಡಗಿದ. ಸವರಿದ ತಕ್ಷಣ ಮನಸ್ಸಿನಲ್ಲೇ ‘ಓಂ ನಮಃ ಶಿವಾಯ’. ಚಳಿಗಾಲದಲ್ಲಿ ಐವತ್ತು ಸಲ, ಬೇಸಿಗೆಯಲ್ಲಿ ಮೂವತ್ತು. ಮೂವತ್ತು ಆದ ಕೂಡಲೇ ಒರೆಸುವುದು. ಉಸಿರಿಗೊಮ್ಮೆ ಎದೆಯ ಮೇಲಿನ ಕರಡಿಗೆ ಏರಿ ಇಳಿಯುತ್ತಿತ್ತು, ಎಣಿಕೆ ಅದರ ಜೊತೆ ಸಾಗುತ್ತಿತ್ತು. ಆರು ತಿಂಗಳು ಒಂದು ಕಲೆಯೂ ನಿಲ್ಲಲಿಲ್ಲ. ಕಣ್ಣು ಕಸಿದುಕೊಂಡ ಶಿವ ಲೆಕ್ಕ ಹಾಕುತ್ತ ಪಕ್ಕದಲ್ಲೇ ಇದ್ದಾನೆ ಎಂದು ಅವನು ನಂಬಿದ.

ಅಕ್ಷಯ ತೃತೀಯಕ್ಕೆ ಮೂರು ದಿನ ಇರುವಾಗ ಓಂಕಾರ್ ಎಂಬ ಗಿರಾಕಿಯ ಸ್ಪೋರ್ಟ್ಸ್ ಕಾರು ಬಂತು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು, ಬಣ್ಣ ಕಡುಗಪ್ಪು. ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಹಬ್ಬದ ಬೆಳಿಗ್ಗೆ ಓಂಕಾರ್‌ನ ತಾಯಿ ಆರತಿ ತಟ್ಟೆ ಹಿಡಿದು ಬರುವವರಿದ್ದರು. ಮುಹೂರ್ತ ಹತ್ತು ಗಂಟೆಗೆ.

ಮುರುಗೆಪ್ಪ ಒಂದು ಇಡೀ ದಿನ ಆ ತಗ್ಗಿನ ಕಾರಿನ ಮೇಲೆ ಬಾಗಿ ಗೀರು ತೆಗೆದ. ಸಂಜೆ ಇನ್‌ಸ್ಟಾಗ್ರಾಮಿಗೆಂದು ವಿಡಿಯೊ ತೆಗೆಯುತ್ತಿದ್ದ ಮಂದಾರ ಬಾನೆಟ್ಟಿನ ಹತ್ತಿರ ನಿಂತುಬಿಟ್ಟ.

“ಕಾಕಾ, ಇಲ್ಲಿ ಬರ್ರಿ. ಇದೇನದ?”

ಬಾನೆಟ್ಟಿನ ನಡುವೆ ಕೈಯಗಲದ ಗೀರುಗಳು, ಒಂದರ ಪಕ್ಕ ಒಂದು, ಕುಡಗೋಲಿನ ಹಾಗೆ ಬಾಗಿದಂಥವು. ಮುರುಗೆಪ್ಪನಿಗೆ ಅವು ಕಾಣಿಸಲಿಲ್ಲ. ಆದರೂ ಕೈ ತಾನಾಗಿ ಎದೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು. ಚೀಲದ ತುದಿ ಸವೆದು ತೂತಾಗಿತ್ತು. ತೂತಿನಲ್ಲಿ ಬೆಳ್ಳಿಯ ಮೊನೆ ಬೆರಳಿಗೆ ತಾಗಿತು.

ಮಂದಾರ ಅದನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ನನಗ ಗೊತ್ತದ ಕಾಕಾ, ಅದನ್ನ ಮೈಮ್ಯಾಲಿಂದ ತಗಿಬಾರದು,” ಎಂದು ನೆಲ ನೋಡುತ್ತ ಹೇಳಿದ. “ಖರೆ ನಾನರ ಏನ್ ಮಾಡ್ಲಿ? ಇಂಥಾ ಗಾಡಿ ಮ್ಯಾಲ ಇನ್ನೊಮ್ಮೆ ಹಿಂಗಾದ್ರ ಸ್ಟುಡಿಯೊ ಮುಚ್ಚಬೇಕಾಗ್ತದ. ಕೆಲಸದ ಹೊತ್ತಿನಾಗಷ್ಟ ತಗದಿಡ್ರಿ. ಲಾಕರ್ ಕೊಡ್ತೀನಿ, ಕೀಲಿ ನಿಮ್ಮ ಕಡೇನ ಇರ್ಲಿ.”

ಹನ್ನೆರಡು ವರ್ಷ ತಾಗದ ಕರಡಿಗೆ ಈಗ ತಾಗಿದ್ದು ಯಾಕೆ ಎಂದು ಮಂದಾರನಿಗೆ ಹೊಳೆಯಲಿಲ್ಲ. ಮುರುಗೆಪ್ಪನಿಗೆ ಗೊತ್ತಿತ್ತು. ಕಾಣದ ಕಣ್ಣು ಮುಖವನ್ನು ತಗ್ಗಿಸಿತ್ತು, ಮುಖದ ಹಿಂದೆ ಎದೆ ತಗ್ಗಿತ್ತು. ತಪ್ಪು ಲಿಂಗದ್ದಲ್ಲ, ಕಣ್ಣಿನದು. ಅಷ್ಟು ಹೇಳಿದರೆ ಲಿಂಗ ಎದೆಯ ಮೇಲೆ ಉಳಿಯುತ್ತಿತ್ತು, ಕೆಲಸ ಹೋಗುತ್ತಿತ್ತು. ಬಾಯಿ ಬಿಟ್ಟರೆ ಒಂದು ಹೋಗುತ್ತದೆ, ಬಿಡದಿದ್ದರೆ ಇನ್ನೊಂದು.

“ಆತು,” ಎಂದ.

ಮನೆಗೆ ಹೋದಾಗ ರುದ್ರವ್ವನ ಕಣ್ಣಿಗೆ ತೂತು ಬಿತ್ತು. ಕಾರಿಗೆ ತಾಗಿತೆಂದು ಅವನು ಹೇಳಲೇಬೇಕಾಯಿತು. ಲಾಕರಿನ ಮಾತು ಹೇಳಲಿಲ್ಲ.

“ಸಂಕ್ರಾಂತಿಗೆ ಹೊಲದೇನಿ. ನಾಕ್ ತಿಂಗಳದಾಗ ಹಿಂಗ್ಯಾಂಗ ಸವೀತು?” ಎಂದಳು.

“ಬಟ್ಟಿ ಹಗರ ಇತ್ತು.”

“ಅದ ಬಟ್ಟಿ, ಅದ ದಾರ,” ಎಂದು ಗೊಣಗುತ್ತಲೇ ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. “ಈ ಸಲ ಎರಡು ಪದರ ಹಚ್ಚತೇನಿ. ಇನ್ನ ಯಾ ಗಾಡಿಗೂ ತಾಗಂಗಿಲ್ಲ, ತಗೋರಿ.”

ಲಾಕರಿನಲ್ಲಿ ಮಲಗುವ ವಸ್ತುವಿಗೆ ಅವಳು ಅಷ್ಟು ಕಾಳಜಿಯಿಂದ ಅಂಚು ಮಡಿಚುವುದನ್ನು ನೋಡುತ್ತ ಕೂತವನು ರೊಟ್ಟಿಯ ತಟ್ಟೆಯನ್ನು ಅತ್ತ ಸರಿಸಿದ.

ಮರುದಿನ ಹೊಸ ಚೀಲದ ಸಮೇತ ಕರಡಿಗೆಯನ್ನು ಬಿಚ್ಚಿ, ಲಾಕರಿನ ಮೇಲಿನ ಖಾನೆಯಲ್ಲಿ ಒಗೆದ ಬಟ್ಟೆ ಹಾಸಿ ಇಟ್ಟ. ಕೆಳಗಿನ ಖಾನೆಯಲ್ಲಿ ಅವನದೇ ಚಪ್ಪಲಿ. ಬಾನೆಟ್ಟನ್ನು ಅವತ್ತೆಲ್ಲ ಮತ್ತೆ ತಿಕ್ಕಿ, ಮಂದಾರನಿಗೆ ತೋರಿಸಿ, ಗೀರು ಹೋಯಿತೆಂದು ಖಾತ್ರಿ ಮಾಡಿಕೊಂಡ. ಹಬ್ಬದ ಹಿಂದಿನ ದಿನ ಕೋಟಿಂಗಿಗೆ ಕೈ ಹಾಕಿದ. ಮಂದಾರ ಬೇರೆ ಗಿರಾಕಿಗಳ ಕಾರು ಮುಟ್ಟಿಸಲು ಹೊರಗೆ ಹೋಗಿದ್ದ. ಬಾಗಿಲು ಮುಚ್ಚಿದ ಕೋಣೆ, ಕೋಟಿಂಗಿನ ಘಾಟು, ತಲೆಯ ಮೇಲೆ ಸಾಲು ದೀಪ, ಒಂದೊಂದಕ್ಕೂ ಒಂದೊಂದು ಬಣ್ಣದ ಬಳೆ.

ಮೊದಲ ಗೇಣು ಸವರಿ ಎಣಿಸತೊಡಗಿದ. ಓಂ ನಮಃ ಶಿವಾಯ, ಒಂದು. ಓಂ ನಮಃ ಶಿವಾಯ, ಎರಡು. ಎಂಟಕ್ಕೋ ಒಂಬತ್ತಕ್ಕೋ ನಾಲಿಗೆ ನಿಂತಿತು. ಎದೆಯ ಮೇಲೆ ಉಸಿರಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಚಪ್ಪಲಿಯ ಮೇಲೆ ಬಿಟ್ಟು ಬಂದವನ ಹೆಸರನ್ನು ಯಾವ ಬಾಯಿಂದ ಕರೆಯಬೇಕು? ಬರಿ ಅಂಕಿ ಎಣಿಸಿ ನೋಡಿದ. ಅದು ಅವಸರವಾಗಿ ಓಡಿತು. ನಿಧಾನ ಮಾಡಿದರೆ ತಪ್ಪಿತು. ಮತ್ತೆ ಮಂತ್ರ ಹಿಡಿದರೆ ಅವ್ವನ ಮುಖ ಅಡ್ಡ ಬಂತು. ಅಂದಾಜಿನ ಮೇಲೆ ಒರೆಸಿದ, ಅಂದಾಜಿನ ಮೇಲೆ ಸವರಿದ. ಮುಗಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಸಂಜೆ ಬಂದ ಮಂದಾರ “ಆತೇನ್ರಿ ಕಾಕಾ?” ಎಂದು ಕೇಳಿದ. “ಆತು,” ಎಂದ. ಮಂದಾರ ನೋಡಲಿಲ್ಲ. ಕಾಕಾ ಆಯಿತು ಎಂದ ಮೇಲೆ ನೋಡುವುದೇನು?

ಹಬ್ಬದ ದಿನ ಹತ್ತಕ್ಕೆ ಐದು ನಿಮಿಷ ಇರುವಾಗ ಕಾರನ್ನು ಬಿಸಿಲಿಗೆ ತಂದರು. ಓಂಕಾರ್‌ನ ತಾಯಿ ತಟ್ಟೆ ಹಿಡಿದಿದ್ದರು. ಕೋಟಿಂಗು ಹಸಿ ಇರುವುದರಿಂದ ಬಾನೆಟ್ಟಿಗೆ ಕುಂಕುಮ ಹಚ್ಚಬೇಡಿ ಎಂದು ಮಂದಾರ ವಿನಯದಿಂದ ಹೇಳಿದ, ಅವರು ನಂಬರ್ ಪ್ಲೇಟಿಗೇ ಸ್ವಸ್ತಿಕ ಬರೆದರು. ಆರತಿ ಎತ್ತಬೇಕು, ಅಷ್ಟರಲ್ಲಿ ಓಂಕಾರ್ ಬಗ್ಗಿ ನೋಡಿ, ಬಾನೆಟ್ಟಿನ ಮೇಲೆ ಇದೇನು ಕಲೆ ಎಂದು ಮರಾಠಿಯಲ್ಲಿ ಕೇಳಿದ.

“ಸ್ವಲ್ಪ ಎಣ್ಣೆ ತಾಗಿರಬೇಕು ಸಾಹೇಬ್, ಈಗ ತೆಗೆದೆ,” ಎಂದು ಮುರುಗೆಪ್ಪನೂ ಮರಾಠಿಯಲ್ಲೇ ಹೇಳಿ ಬಟ್ಟೆ ಹಿಡಿದು ಮುಂದೆ ಬಂದ. ಬಗ್ಗಿ, ಕಾಳಜಿಯಿಂದ, ಸುತ್ತು ಸುತ್ತಾಗಿ ಒರೆಸಿದ. ಎದ್ದು ನಿಂತು, ಹೋಯಿತಲ್ಲ ಎನ್ನುವ ಹಾಗೆ ಎಲ್ಲರನ್ನೂ ನೋಡಿದ.

ಅವನು ಒರೆಸಿದ ಜಾಗದಲ್ಲಿ ಏನೂ ಇರಲಿಲ್ಲ. ಕಲೆಗಳು ಆಚೆಗಿದ್ದವು. ಒಂದಲ್ಲ, ಏಳೆಂಟು. ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿದ್ದವು.

ಮಂದಾರ ಕಲೆಗಳನ್ನು ನೋಡಿದ, ಕಾಕಾನ ಕಣ್ಣುಗಳನ್ನು ನೋಡಿದ. ಗಿರಾಕಿಯ ಮುಂದೆ ಯಾವತ್ತೂ ಕನ್ನಡ ಆಡದವನು ಅವತ್ತು ಕನ್ನಡದಲ್ಲೇ ಕೇಳಿದ.

“ಎಂದಿನಿಂದ ಕಾಕಾ?”

“ದೀಪಾವಳಿಯಿಂದ.”

“ಬಾನೆಟ್ಟಿನ ಗೀರೂ ಅದಕ್ಕ?”

ಮುರುಗೆಪ್ಪ ಹೌದೆಂದು ತಲೆಯಾಡಿಸಿದ.

“ಒಂದು ಮಾತು ಹೇಳಿದ್ರ ಅದನ್ನ ತಗೀರಿ ಅಂತಿದ್ದೆನೇನ್ರಿ ನಾನು?” ಮಂದಾರನ ದನಿ ಒಡೆಯಿತು. ಸಿಟ್ಟೋ ದುಃಖವೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಸಾವರಿಸಿಕೊಂಡು, “ಮನಿಗೆ ಹೋಗ್ರಿ. ಮೊದಲ ಕಣ್ಣು ನೋಡ್ಕೋರಿ,” ಎಂದು ಓಂಕಾರ್‌ನ ಕಡೆ ತಿರುಗಿ ಮರಾಠಿಯಲ್ಲಿ ಕ್ಷಮೆ ಕೇಳತೊಡಗಿದ. ನಾಳೆ ಬನ್ನಿ ಎಂದು ಹೇಳಲಿಲ್ಲ.

ಮುರುಗೆಪ್ಪ ಒಳಗೆ ಹೋಗಿ ಲಾಕರು ತೆರೆದ. ಕೈಯಾಡಿಸಿ ಕರಡಿಗೆ ಎತ್ತಿಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡ. ಕೊರಳಿಗೆ ಹಾಕಿ ಶಿವದಾರದ ಗಂಟು ಬಿಗಿದ. ರುದ್ರವ್ವ ಹೊಲಿದ ಚೀಲ ದಪ್ಪಗಿತ್ತು, ಮೆತ್ತಗಿತ್ತು. ಎಷ್ಟು ಒತ್ತಿ ತಿಕ್ಕಿದರೂ ಯಾವ ಬಣ್ಣಕ್ಕೂ ಒಂದು ಗೀರು ಬೀಳುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕೀಲಿಯನ್ನು ಲಾಕರಿನಲ್ಲೇ ಬಿಟ್ಟು ಹಿಂದಿನ ಬಾಗಿಲಿನಿಂದ ಹೊರಬಿದ್ದ.